ಗೆದ್ದವನಿಗಾಗಿ ಒಡೆದ ಗೋಡೆ

ತಾಯಂದಿರೇ, ಅಪ್ಪಗಳಿರಾ, ಮಂಗಳಾರತಿಗೆ ಇನ್ನೂ ಹೊತ್ತಿದೆ. ಈ ಹರಿದಾಸನ ಒಂದು ಕಥೆ ಕೇಳಿ. ನಮ್ಮ ಸೀಮೆಯದಲ್ಲ, ಬಹಳ ಹಿಂದಿನ ಗ್ರೀಸ್ ದೇಶದ್ದು.

ಅಲ್ಲೊಂದು ಪುಟ್ಟ ಊರಿನಲ್ಲಿ ಒಬ್ಬ ಶ್ರೀಮಂತ ಇದ್ದ. ಊರು ಎಷ್ಟು ಪುಟ್ಟದು ಅಂದರೆ, ಈ ತುದಿಯಲ್ಲಿ ಸೀನಿದರೆ ಆ ತುದಿಯವರಿಗೆ ಕೇಳಿಸಬೇಕು. ಆದರೆ ಸುತ್ತಲೂ ಎರಡಾಳೆತ್ತರದ ಕಲ್ಲಿನ ಗೋಡೆ. ಮೂರು ತಲೆಮಾರಿನವರು ಕಲ್ಲು ಹೊತ್ತು ಕಟ್ಟಿದ್ದು.

ಅಲ್ಲೊಂದು ಪದ್ಧತಿ ಇತ್ತು, ನೋಡಿ. ದೊಡ್ಡ ಪಂದ್ಯದಲ್ಲಿ ಗೆದ್ದು ಬಂದವನು ಹೆಬ್ಬಾಗಿಲಿನಿಂದ ಬರುವ ಹಾಗಿಲ್ಲ. ಗೋಡೆ ಒಡೆದೇ ಅವನನ್ನು ಕರೆದುಕೊಳ್ಳಬೇಕು. ಇಂಥ ವೀರ ಇರುವಾಗ ನಮಗೆ ಗೋಡೆ ಯಾಕೆ ಅಂತ! ಅವನು ಒಳಗೆ ಬಂದ ದಿನವೇ ಮತ್ತೆ ಮುಚ್ಚಿಬಿಡುತ್ತಿದ್ದರು.

ಒಂದು ವರ್ಷ ಈ ಶ್ರೀಮಂತನ ರಥ ಗೆದ್ದಿತು. ಓಡಿದ್ದು ಕುದುರೆ, ಓಡಿಸಿದ್ದು ಆಳು, ಗೆದ್ದವನು ಅಂತ ಮೆರೆದದ್ದು ಇವನು. ನಗಬೇಡಿ, ನಮ್ಮಲ್ಲೂ ಹಾಗೇ ತಾನೆ? ಹತ್ತು ಮೊಳ ಗೋಡೆ ಉರುಳಿಸಿದರು. ಅವನಿಗೆ ಕಣ್ಣು ತುಂಬಿ ಬಂತು. ಕೆಟ್ಟವನೇನಲ್ಲ. ಅಲ್ಲಿಯವರೆಗೆ ಜನ ಅವನ ಐಶ್ವರ್ಯಕ್ಕೆ ಕೈ ಮುಗಿಯುತ್ತಿದ್ದರು. ಅವತ್ತು ತನಗೇ ಮುಗಿದರು ಅನ್ನಿಸಿತು.

ಸಂಜೆ ಕಲ್ಲುಕುಟಿಗ ಬಂದ. "ಯಜಮಾನ್ರೇ, ಮುಚ್ಚಿಬಿಡ್ಲಾ?"

"ಇರ್ಲಿ ಬಿಡೋ. ನೆಂಟರು ಬರೋರಿದಾರೆ, ನೋಡ್ಲಿ."

ಮರುದಿನ ಬಂದ. "ಹಬ್ಬ ಕಳೀಲಿ" ಅಂದ ಶ್ರೀಮಂತ. ಮೂರನೇ ಸಲ ಬಂದಾಗ ಗದರಿದ: "ನನ್ನ ಹೆಸರು ಕಂಡ್ರೆ ನಿನಗೆ ಹೊಟ್ಟೆಯುರಿಯೇನೋ?"

ಊರಿನವರು ಏನು ಮಾಡಿದರು? ಏನೂ ಇಲ್ಲ. ಆ ಸಂದು ಹೊಲಕ್ಕೆ ಹತ್ತಿರದ ದಾರಿ ಅಂತ ಓಡಾಡತೊಡಗಿದರು. ಶ್ರೀಮಂತನ ಮಗಳೂ ಕೊಡ ಹಿಡಿದು ಅಲ್ಲಿಂದಲೇ ನೀರಿಗೆ ಹೋಗುತ್ತಿದ್ದಳು.

ಒಂದು ಮಟಮಟ ಮಧ್ಯಾಹ್ನ ಪಕ್ಕದ ಊರಿನ ದಂಡು ಬಂತು. ಕಾವಲಿನವರು ಓಡಿಹೋಗಿ ಹೆಬ್ಬಾಗಿಲು ಭದ್ರ ಮಾಡಿದರು. ಅಯ್ಯೋ, ಹೆಬ್ಬಾಗಿಲ ಕಡೆ ಬಂದವರು ಯಾರು! ದಂಡು ಬಂದದ್ದು ಸಂದಿನ ಕಡೆಗೆ. ಶ್ರೀಮಂತ ಎಂಜಲು ಕೈಯಲ್ಲೇ ಸಂದಿನ ಹತ್ತಿರ ಓಡಿದ. ಅಲ್ಲಿ ಒಡೆದ ಕೊಡ ಬಿದ್ದಿತ್ತು. ಮಗಳನ್ನು ಆಗಲೇ ಎಳೆದುಕೊಂಡು ಹೋಗಿದ್ದರು. ಅಲ್ಲಿಗೆ ಓಡಿ ಬಂದ ಕಲ್ಲುಕುಟಿಗನ ತೋಳು ಹಿಡಿದು ಚೀರಿದ: "ಮುಚ್ಚೋ! ಈಗ್ಲೇ ಮುಚ್ಚೋ!"

"ಈಗ ಮುಚ್ಚಿದ್ರೆ ನಿಮ್ಮ ಮಗಳು ಹೊರಗೇ ಉಳೀತಾಳೆ, ಯಜಮಾನ್ರೇ."

ಗ್ರೀಸ್ ದೂರ ಅಂದುಕೊಂಡಿರಾ? ಹೋದ ತಿಂಗಳ ಸನ್ಮಾನಕ್ಕೆ, ಅತಿಥಿಯ ಕಾರು ವೇದಿಕೆಯವರೆಗೂ ಬರಲಿ ಅಂತ ನಿಮ್ಮ ಶಾಲೆಯ ಕಾಂಪೌಂಡ್ ಒಡೆದಿರಿ. ಇವತ್ತಿಗೂ ಹಾಗೇ ಬಾಯಿ ಬಿಟ್ಟುಕೊಂಡಿದೆ. ಆಚೆಗೆ ಹೆದ್ದಾರಿ. ಇವತ್ತು ಸಂಜೆ ನಾನು ಬರುವಾಗ ಒಂದು ಪುಟ್ಟ ಹುಡುಗಿ, ಯೂನಿಫಾರ್ಮ್ ಹಾಕಿದ ಮಗು, ಚೆಂಡಿನ ಹಿಂದೆ ಅಲ್ಲಿಂದ ರಸ್ತೆಗೇ ಓಡಿ ಬಂತು. ಲಾರಿಯವನು ಬ್ರೇಕ್ ಹಾಕಿದ, ಪುಣ್ಯಾತ್ಮ. ಒಂದು ಗೇಣು, ಅಷ್ಟೇ.

ಯಾರನ್ನು ಬೈಯಲಿ? ಆ ಕಾರಿನಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದವನು ನಾನೇ.

ಇನ್ನು ಮೇಲೆ ಎಂಥ ದೊಡ್ಡವರನ್ನೂ ಗೇಟಿನಿಂದಲೇ ಕರೆಯಿರಿ. ನಡೆದು ಬರಲಿ, ಕಾಲೇನು ಸವೆಯುವುದಿಲ್ಲ. ಯಾರಿಗಾಗಿ ಏನು ಒಡೆದರೂ ಅವತ್ತೇ ಕಟ್ಟಿ. ಮಂಗಳಾರತಿ ಆಮೇಲಾಗಲಿ. ಹೊರಗೆ ಇಟ್ಟಿಗೆ, ಸಿಮೆಂಟು ತರಿಸಿದ್ದೇನೆ. ಏಳಿ, ಮೊದಲ ಇಟ್ಟಿಗೆ ನಾನು ಹೊರುತ್ತೇನೆ.