ಫೋಟೋದಲ್ಲಿ ಇದ್ದದ್ದು ಇರಬೇಕು

ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಇದು ನಮ್ಮ ಪಕ್ಕದ ಮನೆಯ ವೆಂಡೆಲ್‌ಗೆ ಆದದ್ದು.

ಆ ರಾತ್ರಿ ಅವನು ಹಳೇಮನೆಗಳ ಸಮಿತಿಯ ಸಭೆ ಮುಗಿಸಿ, ಚೌಕದ ಮುಚ್ಚಿದ ಬಾವಿಯ ಪಕ್ಕದಿಂದ ಬರುತ್ತಿದ್ದ. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ಹೆಂಡತಿ ಓಪಲ್ ಸೊಂಟ ಮುರಿದುಕೊಂಡು ಗಾಲಿಕುರ್ಚಿ ಹಿಡಿದ ಮೇಲೆ ಹೊಸ್ತಿಲು ದಾಟಿಲ್ಲ. ಮುಂಬಾಗಿಲಿಗೊಂದು ಇಳಿಜಾರು ಹಲಗೆಯ ರ‍್ಯಾಂಪ್ ಬೇಕು, ಅಷ್ಟೇ. ಆದರೆ ನಮ್ಮ ಬೀದಿ ಪಾರಂಪರಿಕ ಬೀದಿ. ಪ್ರತಿ ಮನೆಯ ಹಳೇ ಫೋಟೋ ಪುರಭವನದ ಗೋಡೆಯ ಮೇಲಿದೆ. ಅದರಲ್ಲಿ ಇದ್ದದ್ದು ಇರಬೇಕು, ಇಲ್ಲದ್ದು ಕೂಡದು. ಈ ಕಟ್ಟಳೆ ತಂದವಳು ಮಿಸ್ ಟ್ರಾಸ್ಕ್. ಉಕ್ಕಿನ ಟೇಪು ಹಿಡಿದು ಮನೆಮನೆ ಅಳೆಯುತ್ತಿದ್ದ ಮುದುಕಿ. ಅವಳು ಸತ್ತು ವರ್ಷವಾಗಿತ್ತು. ಕಟ್ಟಳೆ ಸಾಯಲಿಲ್ಲ.

"ರ‍್ಯಾಂಪಿಗೆ ಹಲಗೆ ಮಾರಿದ್ದು ನೀನೇ ಅಲ್ವೇನೋ ಕ್ಲಿಫರ್ಡ್?" ಎಂದು ಸಭೆಯಲ್ಲಿ ಕೇಳಿದ್ದ ವೆಂಡೆಲ್.

"ಮಾರಿದ್ದು ಅಂಗಡಿ ಕ್ಲಿಫರ್ಡು. ಬೇಡ ಅನ್ನೋದು ಅಧ್ಯಕ್ಷ ಕ್ಲಿಫರ್ಡು. ಫೋಟೋದಲ್ಲಿ ಬರೀ ಮೆಟ್ಟಿಲಿದೆ ಕಣೋ, ನಾನೇನು ಮಾಡ್ಲಿ? ಮುಂದಿನ ತಿಂಗಳು ಬಾ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಕೊಡುವವನೂ ತಡೆಯುವವನೂ ಒಬ್ಬನೇ.

ಬಾವಿ ದಾಟಿದ... ಹಿಂದೆ ಸದ್ದು. ಸರ್ರ್... ಟಕ್. ಟೇಪು ಎಳೆದು ಬಿಟ್ಟ ಸದ್ದು. ತಿರುಗಿದ. ಬಾವಿಯ ಸುತ್ತ ಹಿಮ, ಅವನದೇ ಹೆಜ್ಜೆ. ಬೇರೆ ಹೆಜ್ಜೆ ಇಲ್ಲ.

ಹೆದರಿಕೆಗಿಂತ ಸಿಟ್ಟೇ ಹೆಚ್ಚಾಯಿತು. ಮನೆಗೆ ಬಂದವನೇ ಅಪ್ಪನ ಸುತ್ತಿಗೆ ತೆಗೆದ. ಹಿಡಿ ಸೀಳಿದ್ದಕ್ಕೆ ತಂತಿ ಸುತ್ತಿದ್ದ ಸುತ್ತಿಗೆ. ಮೆಟ್ಟಿಲ ಮೇಲೆ ಹಲಗೆ ಹೊಡೆಯತೊಡಗಿದ.

"ವೆಂಡೆಲ್, ಈ ಹೊತ್ನಲ್ಲಿ ಏನ್ ಮಾಡ್ತಿದ್ದೀಯಾ?" ಒಳಗಿನಿಂದ ಓಪಲ್.

"ನಾಳೆ ನೀನು ಹೊರಗೆ ಬರ್ತೀಯ. ಬೇಕಾದ್ರೆ ನನ್ನ ಜೈಲಿಗೆ ಹಾಕ್ಲಿ."

"ಹಾಕಿದ್ರೆ ನನ್ನ ಕುರ್ಚಿ ತಳ್ಳೋರ್ಯಾರು?"

ಕೊನೆಯ ಹಲಗೆ ಕೂತಿತು. ಸರ್ರ್... ಈ ಸಲ ಕಾಲ ಬುಡದಲ್ಲೇ. ಟಕ್.

"ಅಗಲ ಎಷ್ಟು?" ಪಿಸುದನಿ.

ವೆಂಡೆಲ್ ತಲೆಯೆತ್ತದೆ ಹೇಳಿದ. "ಅವಳ ಕುರ್ಚಿಯಷ್ಟು, ಮಿಸ್ ಟ್ರಾಸ್ಕ್... ಅವಳು ಬಿಸಿಲು ನೋಡಿ ಎಷ್ಟೋ ದಿನ ಆಯ್ತು."

ಸರ್ರ್... ಟಕ್.

"ಫೋಟೋದಲ್ಲಿಲ್ಲ."

"ಸತ್ತ ಮೇಲಾದ್ರೂ ಬಿಡ್ಬಾರ್ದಾ ತಾಯಿ?"

ಅಷ್ಟಂದವನೇ ಸುತ್ತಿಗೆ ಅಲ್ಲೇ ಬಿಟ್ಟು ಒಳಗೋಡಿ ಅಗುಳಿ ಹಾಕಿದ.

ಬೆಳಿಗ್ಗೆ ನೋಡಿದರೆ ಹಲಗೆಗಳನ್ನೆಲ್ಲ ಅಂಗಳದಲ್ಲಿ ಅಚ್ಚುಕಟ್ಟಾಗಿ ಪೇರಿಸಿಟ್ಟಿತ್ತು. ಮೆಟ್ಟಿಲು ಮೊದಲಿನಂತೆ; ಮೊಳೆ ಹೊಡೆದ ತೂತೂ ಇಲ್ಲ. ಸುತ್ತಿಗೆ ಎಲ್ಲೂ ಸಿಗಲಿಲ್ಲ. ಅಷ್ಟು ದೊಡ್ಡ ಗಂಡಸು ಆ ಮೆಟ್ಟಿಲ ಮೇಲೇ ಕೂತು ಅತ್ತ. ನಾವೆಲ್ಲ ಕಂಡೂ ಕಾಣದಂತೆ ಹೋದೆವು.

ಮುಂದಿನ ಸಭೆಯಲ್ಲಿ ಮತ್ತೆ ಬೇಡವೆನ್ನಲು ಕ್ಲಿಫರ್ಡ್ ಪುರಭವನದ ಗೋಡೆಯಿಂದ ವೆಂಡೆಲ್ ಮನೆಯ ಫೋಟೋ ಇಳಿಸಿದ. ಇಳಿಸಿದವನು ಹಾಗೇ ನಿಂತ. ಫೋಟೋದಲ್ಲಿ, ಮೆಟ್ಟಿಲ ಮೇಲೆ, ರ‍್ಯಾಂಪ್ ಇತ್ತು.

"ಇದ್ದದ್ದು ಇರ್ಬೇಕಲ್ವಾ?" ಎಂದ ವೆಂಡೆಲ್, ಮೆಲ್ಲಗೆ.

"ಇರ್ಬೇಕು." ಕ್ಲಿಫರ್ಡ್ ಬೆವರೊರೆಸಿಕೊಂಡ. "ಬಣ್ಣ ಯಾವ್ದು ಅಂತ... ಮುಂದಿನ ತಿಂಗಳು ನೋಡೋಣ."

ಬಣ್ಣದ ತೀರ್ಮಾನ ಇನ್ನೂ ಆಗಿಲ್ಲ. ಓಪಲ್ ಮಾತ್ರ ರ‍್ಯಾಂಪ್ ಇಳಿದು ದಿನಾ ನಮ್ಮ ಮನೆ ಮುಂದೆ ಹಾದುಹೋಗುತ್ತಾಳೆ. ಸುಳ್ಳು ಹೇಳಿ ನನಗೇನಾಗಬೇಕು? ಪುರಭವನಕ್ಕೆ ಹೋಗಿ ನೀವೇ ನೋಡಿ. ನಮ್ಮಜ್ಜ ಹುಟ್ಟುವ ಮುಂಚಿನ ಫೋಟೋ. ರ‍್ಯಾಂಪಿನ ತುದಿಯಲ್ಲಿ ಒಂದು ಸುತ್ತಿಗೆ ಬಿದ್ದಿದೆ... ಹಿಡಿಗೆ ತಂತಿ ಸುತ್ತಿದೆ.