ಹೆಸರಿನ ಮೇಲೆ ಗಿಂಕಾಳ ಅಂಗೈ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮೂರ ಓದುಮನೆಯ ಹಿರಿಯರಾದ ವೆಲ್ಚೆವ್ ಅವರೇ, ಪ್ಲೊವ್ದಿವ್ ಪಟ್ಟಣದಿಂದ ಬಸ್ಸು ಹತ್ತಿ ಬಂದು ನಮ್ಮ ಪುಸ್ತಕದ ಬಗ್ಗೆ ಇಷ್ಟು ಹೊತ್ತು ಒಳ್ಳೆಯ ಮಾತಾಡಿದ ವಿಮರ್ಶಕಿಯವರೇ, ನನ್ನ ಪಕ್ಕದಲ್ಲಿ ಕೂತು ಆಗಲೇ ತೂಕಡಿಸುತ್ತಿರುವ ಗೆಳತಿ ರುಸಾನಾ, ಒಲೆಯ ಹತ್ತಿರ ಜಾಗ ಹಿಡಿದಿರುವ ಮತ್ತು ಹಿಂದಿನ ಬೆಂಚಿನಲ್ಲಿ ಕೂತು ಹಣ್ಣಿನ ಸಾರಾಯಿ ರಾಕಿಯಾ ಯಾವಾಗ ಬರುತ್ತದೆ ಎಂದು ಕಾಯುತ್ತಿರುವ ಸಭಿಕರೇ,

ನಾನು ನೆದಾ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ತಂಬಾಕಿನ ಹೊಲಕ್ಕೆ ಹೋದವಳು. ಭಾಷಣ ಬರೆದುಕೊಂಡು ಬಂದಿಲ್ಲ. ಬರೆದರೆ ತಿದ್ದುವವರು ಬೇಕಲ್ಲ?

ವಿಮರ್ಶಕಿಯವರು, ಈ ಪದ್ಯಗಳಲ್ಲಿ ಒಂದು ಪದವೂ ಹೆಚ್ಚಿಲ್ಲ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಆದರೆ ನನ್ನ ಬಾಯಿ ಬಲ್ಲವರೇ ಹೇಳಿ, ನಾನು ಎಂದಾದರೂ ಹೆಚ್ಚಿನ ಪದ ಬಳಸದೆ ಇದ್ದದ್ದುಂಟೇ? ನಾನೂ ರುಸಾನಾಳೂ ಗೋಣಿಗಟ್ಟಲೆ ಬರೆದೆವು. ತೆಗೆದುಹಾಕಿದವಳು ಗಿಂಕಾ. ಹೋದ ವರ್ಷ ಇದೇ ವಾರ, ಹಿಮ ಕೆರೆದು ಗುಂಡಿ ತೋಡಿ ಮಣ್ಣು ಮಾಡಿದೆವಲ್ಲ, ಆ ಗಿಂಕಾ. ಪುಸ್ತಕದ ಮೇಲೆ ನಮ್ಮಿಬ್ಬರ ಹೆಸರಿದೆ, ಅವಳದಿಲ್ಲ. ಬರೆದವರ ಹೆಸರು ಮಾತ್ರ ಹಾಕುವುದು ಪದ್ಧತಿ ಎಂದ ಮುದ್ರಕ. ಪದ್ಧತಿ ಎಂದ ಮೇಲೆ ಏನು ಹೇಳುವುದು?

ನಮ್ಮ ಮೊದಲ ಪ್ರಕಾಶಕ ಗಿಂಕಾಳ ಗೇಟಿನ ಪಕ್ಕದ ವಿದ್ಯುತ್ ಕಂಬ. ಅದು ಕಾಗದದ ಲೆಕ್ಕ ಕೇಳಲಿಲ್ಲ, ಹಸ್ತಪ್ರತಿ ವಾಪಸು ಕಳಿಸಲಿಲ್ಲ. ಸತ್ತವರ ಫೋಟೋ, ಹೆಸರು, ಕೆಳಗೊಂದು ಪದ್ಯ ಇರುವ ಕಾಗದ ಅಂಟಿಸುತ್ತೇವಲ್ಲ, ಆ ಪದ್ಯ ಆಗೆಲ್ಲ ಪೇಟೆಯ ಮುದ್ರಕನ ಹತ್ತಿರ ಸಿದ್ಧವಾಗಿ ಸಿಗುತ್ತಿತ್ತು. ನಂಬರು ಹೇಳಿದರೆ ಸಾಕು. ರುಸಾನಾಳ ಗಂಡ ಹೋದಾಗ ಅವಳು ಅಳುತ್ತಲೇ ಯಾವುದೋ ನಂಬರು ಹೇಳಿದಳು. ನೋಡಿದರೆ ಪಕ್ಕದಲ್ಲೇ ಊರ ಕುಡುಕನಿಗೂ ಅದೇ ಪದ್ಯ! 'ಅರಳುವ ಮುನ್ನ ಬಾಡಿದ ಹೂವೇ' ಎಂದು. ಇಬ್ಬರಿಗೂ ಎಪ್ಪತ್ತು ದಾಟಿತ್ತು.

ಗಿಂಕಾ ನೋಡಿದಳು. "ಎಂಥಾ ಹೂವೇ ಇವು? ಇನ್ಮೇಲೆ ನಮ್ ಸತ್ತೋರಿಗೆ ನಾವೇ ಬರೀಬೇಕು ಕಣ್ರೇ" ಎಂದಳು. ಹಾಗೆ ಶುರುವಾಯಿತು ನಮ್ಮ ಸಾಹಿತ್ಯ.

ಅವಳ ಅಂಗಳದಲ್ಲಿ ಕೂತು ಸುಟ್ಟ ದಪ್ಪ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಾ ಓದುತ್ತಿದ್ದೆವು. ಅವಳು ಕೈ ತೊಳೆಯದೆ, ಮಸಿ ಹತ್ತಿದ ಅಂಗೈಯನ್ನು ಫೋಟೋ ಮತ್ತು ಹೆಸರಿನ ಮೇಲೆ ಒತ್ತಿ, ದಾರಿಯಲ್ಲಿ ಹೋಗುವವರನ್ನು ಕೂಗುತ್ತಿದ್ದಳು. "ಬಾರಪ್ಪಾ ಇಲ್ಲಿ. ಪದ್ಯ ಓದು. ಯಾರು ಸತ್ತಿದ್ದು ಹೇಳು." ಹೇಳಿದರೆ ಪದ್ಯ ಉಳಿಯಿತು. ಹೇಳದಿದ್ದರೆ ಪೆನ್ಸಿಲ್ ತೆಗೆದಳು.

ಬೇಕರಿಯ ಸ್ತಮಾತ್ ಹೋದಾಗ ನಾನು ದೀಪ, ದೇವದೂತ, ಕರುಣೆಯ ಕಡಲು ಎಲ್ಲ ಹಾಕಿ ಬರೆದಿದ್ದೆ. ಪೋಸ್ಟ್‌ಮ್ಯಾನ್ ಓದಿ, "ಯಾರೋ ಪಾದ್ರಿ ಇರ್ಬೇಕು" ಎಂದು ಟೋಪಿ ತೆಗೆದ. ಗಿಂಕಾ ನಕ್ಕೂ ನಕ್ಕೂ ಕೆಮ್ಮಿದಳು. "ಸ್ತಮಾತ್ ಚರ್ಚಿನೊಳಗೆ ಹೋಗಿದ್ದು ಮಳೆ ಬಂದಾಗ ಮಾತ್ರ. ಲೇ ನೆದಾ, ಇದು ಪದ್ಯನೋ ಮದುವೆ ಮನೆ ಪರದೆನೋ?"

"ನಿಂಗೇನು ಗೊತ್ತು ಪದ್ಯ?" ಎಂದೆ ನಾನು.

"ನಂಗೆ ಪದ್ಯ ಗೊತ್ತಿಲ್ಲ, ಸ್ತಮಾತ್ ಗೊತ್ತು. ಅವ್ನ ಬ್ರೆಡ್ಡು ಹೆಂಗಿರ್ತಿತ್ತು ಹೇಳು."

"ಕೆಳಗಡೆ ಸೀದಿರ್ತಿತ್ತು."

"ತಿಂತಿರ್ಲಿಲ್ವಾ?"

"ತಿಂತಿದ್ವಿ."

"ಬರಿ ಅದನ್ನ."

ಈ ಪುಸ್ತಕದ ಮೊದಲ ಪದ್ಯ ಅದೇ. ಸ್ತಮಾತನ ಹೆಂಡತಿ ಕಂಬದ ಮುಂದೆ ನಿಂತು ಮೊದಲು ನಕ್ಕಳು, ಆಮೇಲೆ ಕಂಬವನ್ನೇ ಹಿಡಿದುಕೊಂಡು ಅತ್ತಳು. ವಿಮರ್ಶಕಿಯವರು ಬೇಸರ ಮಾಡಿಕೊಳ್ಳಬಾರದು, ಅಂಥ ವಿಮರ್ಶೆ ನನಗೆ ಇವತ್ತೂ ಬಂದಿಲ್ಲ.

ಅಳುವವರಿಗೂ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಗಿಂಕಾ ಬಿಡುತ್ತಿರಲಿಲ್ಲ. ಗೇಟಿನಿಂದ ಅವಳು ಕೂಗುತ್ತಿದ್ದದ್ದನ್ನು ಕೇಳದವರು ಈ ಸಭೆಯಲ್ಲಿ ಯಾರಿದ್ದೀರಿ? ಮೇಯರ್ ಕೇಳಿದ್ದಾರೆ. ಪಾದ್ರಿಗಳೂ ಕೇಳಿದ್ದಾರೆ. ಇರಲಿ, ಆ ಮಾತಿಗೆ ಆಮೇಲೆ ಬರುತ್ತೇನೆ.

ಅವಳೇ ಯಾಕೆ ಬರೆಯಲಿಲ್ಲ ಎಂದು ಮಾನ್ಯ ಅಧ್ಯಕ್ಷರು ಕೇಳಿದರು. ಬರೆದಿದ್ದಳು ಸ್ವಾಮಿ. ಒಮ್ಮೆ, ಒಂದೇ ಒಂದು. ಅವಳ ಮುದಿ ಕತ್ತೆ ಸತ್ತ ವರ್ಷ. ಕತ್ತೆಗೆ ಕಂಬದ ಮೇಲೆ ಜಾಗವಿಲ್ಲವಲ್ಲ, ಹಾಗಾಗಿ ನಮಗೆ ಓದಿ ತೋರಿಸಿದಳು. ಜೀವಮಾನದಲ್ಲಿ ಮೊದಲ ಸಲ ಅವಳ ಧ್ವನಿ ಸಣ್ಣಗಾಗಿತ್ತು. ನಮಗೆ ಪಾಪ ಅನ್ನಿಸಿತು. ರುಸಾನಾ "ತುಂಬಾ ಚೆನ್ನಾಗಿದೆ" ಎಂದಳು. ನಾನು "ಅದ್ಭುತ ಕಣೇ" ಎಂದೆ. ಗಿಂಕಾ ನಮ್ಮಿಬ್ಬರ ಮುಖ ನೋಡಿದಳು. ನಾವು ಕೈಯನ್ನು ಮೆಣಸಿನಕಾಯಿಯಿಂದ ಎತ್ತಿರಲಿಲ್ಲ. ಅವಳು ಆ ಕಾಗದವನ್ನು ಸುತ್ತಿ ಪೊಟ್ಟಣ ಮಾಡಿ, ಸೂರ್ಯಕಾಂತಿ ಬೀಜ ತುಂಬಿ ನಮ್ಮ ಮುಂದೆ ಇಟ್ಟಳು. "ತಿನ್ರೇ, ಹುರಿದಿದ್ದು ಬಿಸಿ ಇದೆ" ಎಂದಳು.

ಹೊಗಳಿದರೆ ತಪ್ಪೇನು? ಎಲ್ಲ ಕಡೆ ಬರೆಯುವವರು ಬರೆಯುವವರನ್ನು ಹೊಗಳುತ್ತಾರೆ. ನಾವು ಅವಳಿಗೆ ಕೆಟ್ಟದ್ದೇನೂ ಹೇಳಲಿಲ್ಲ. ಬೀಜ ಮಾತ್ರ ತಿಂದೆವು. ಪೊಟ್ಟಣ ಎಲ್ಲಿ ಹೋಯಿತೋ. ಆ ಪದ್ಯದ ಒಂದು ಸಾಲಾದರೂ ನೆನಪಿದೆಯೇ ಎಂದು ನಾನೂ ರುಸಾನಾಳೂ ಈಗ ಕೇಳಿಕೊಳ್ಳುತ್ತೇವೆ. ಕತ್ತೆ ನೆನಪಿದೆ. ಅದರ ಕಿವಿ ಹರಿದಿತ್ತು. ಪದ್ಯದಲ್ಲಿ ಕಿವಿ ಇತ್ತೋ ಇಲ್ಲವೋ ಗೊತ್ತಿಲ್ಲ.

ಕೊನೆಗೆ ಅವಳ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎಂಟು ಸಾಲು ಬರೆದೆ. ಸೌಮ್ಯ ಮನಸ್ಸು, ಮೆಲುದನಿ, ಆರದ ದೀಪ. ನಗಬೇಡಿ. ಸತ್ತವರ ಮೇಲಿನ ಪ್ರೀತಿಗೆ ಕೈ ತಾನಾಗಿ ಹಾಗೆ ಬರೆಯುತ್ತದೆ. ಅಂಟಿಸಿದ ಮೇಲೆ ರುಸಾನಾ ಫೋಟೋದ ಮೇಲೆ ಅಂಗೈ ಇಟ್ಟು ಬಸ್ಸಿನ ಡ್ರೈವರನನ್ನು ಕರೆದಳು. ಅವನು ಓದಿ, "ಪಾಪ, ಯಾರೋ ಟೀಚರಮ್ಮ" ಎಂದ. ನಲವತ್ತನೇ ದಿನದ ಕಾಗದಕ್ಕೆ ಅರ್ಧ ಹೊಡೆದುಹಾಕಿದೆ. ಆಗಲೂ ಟೀಚರಮ್ಮನೇ. ಆರು ತಿಂಗಳಿಗೆ ಎರಡೇ ಸಾಲು ಉಳಿಸಿದೆ. ಆ ಎರಡು ಸಾಲನ್ನು ಯಾರ ಬಾಗಿಲಿಗಾದರೂ ಅಂಟಿಸಬಹುದಿತ್ತು. ಊರಿಗೆಲ್ಲ ಸರಿಯಾದ ಪದ್ಯ ಬರೆದ ಕೈ, ಅವಳ ಕಾಗದದ ಮುಂದೆ ಅವಳನ್ನೇ ಕಾಯುತ್ತಾ ಕೂತಿತ್ತು. ಬಂದು ಬೈಯಲಿ ಎಂದು.

ನಾಳೆ ಅವಳ ವರ್ಷ. ಅವಳ ಹೆಸರಲ್ಲಿ ಹಂಚುವ ಗೋಧಿ ಬೇಯಿಸಿದ್ದಾಗಿದೆ, ಸಕ್ಕರೆ ಬೆರೆಸುವುದು ಬಾಕಿ. ಮುದ್ರಕ ಇದೇ ಸಭೆಯಲ್ಲಿ ಕೂತಿದ್ದಾನೆ, ಹೊರಡುವ ಮುಂಚೆ ನಾನು ಪದ್ಯ ಕೊಡಬೇಕು. ವರ್ಷದ ಕಾಗದವೇ ಕೊನೆಯದು, ಇನ್ನು ಮೇಲೆ ಅವಳಿಗೆ ಹೊಸ ಕಾಗದವಿಲ್ಲ. ಆದ್ದರಿಂದ ಸಭಿಕರೇ, ನನಗೆ ಹೂಗುಚ್ಛ ಬೇಡ, ಒಂದು ಉಪಕಾರ ಮಾಡಿ. ಚೆನ್ನಾಗಿದೆ ಎಂದು ಮಾತ್ರ ಯಾರೂ ಹೇಳಬೇಡಿ. ಇದೋ, ಫೋಟೋದ ಮೇಲೆ, ಹೆಸರಿನ ಮೇಲೆ ನನ್ನ ಅಂಗೈ ಇಟ್ಟಿದ್ದೇನೆ. ಒಂದೇ ಸಾಲು. ಕೇಳಿ.

"ಓದಿದ್ದು ಸಾಕು, ನಡಿ. ಮನೇಲಿ ಕೆಲ್ಸ ಇಲ್ವಾ ನಿಂಗೆ?"

ರುಸಾನಾ, ನಿದ್ದೆಯಿಂದ ಎದ್ದವಳು ಯಾಕೆ ಬಾಗಿಲ ಕಡೆ ನೋಡಿದೆ? ಮೇಯರ್ ಸಾಹೇಬರೇ, ನೀವು ಯಾಕೆ ಎದ್ದು ನಿಂತಿರಿ?

ಸಾಕು. ಹೆಸರು ಹೇಳಬೇಕಾಗಿಲ್ಲ. ಮುದ್ರಕರೇ, ಇದನ್ನು ಹಾಗೇ ಅಚ್ಚು ಮಾಡಿ. ಬರೆದವಳ ಹೆಸರು ಮೇಲೆ ಇದ್ದೇ ಇದೆ, ನಿಮ್ಮ ಪದ್ಧತಿಗೂ ತೊಂದರೆಯಿಲ್ಲ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನನ್ನ ಮತ್ತು ರುಸಾನಾಳ ವಂದನೆಗಳು. ನಾಳೆ ಬೆಳಿಗ್ಗೆ ಕಂಬದ ಹತ್ತಿರ ಬನ್ನಿ, ಓದಿ, ತುಂಬಾ ಹೊತ್ತು ನಿಲ್ಲಬೇಡಿ. ನಮಸ್ಕಾರ.