ಗುಳಿಗೆ ಹಾಕಿದ ಅಕ್ಕಿ

ಹೆಸರು: ಸಾಲ್ವಾಸಿಯೋನ್ ತಬಿರಾರಾ. ವಯಸ್ಸು: 51 ವರ್ಷ. ಉದ್ಯೋಗ: ತುರ್ತು ಅಕ್ಕಿ ಗೋದಾಮಿನ ಮೇಲ್ವಿಚಾರಕಿ. ವಾಸ: ಬಂದರು ರಸ್ತೆ, ಸಾನ್ ಇರೇನೆಯೊ ಪಟ್ಟಣ, ಕತಾಂದುವಾನೆಸ್ ದ್ವೀಪ, ಫಿಲಿಪೀನ್ಸ್.

ಇಂದು ಠಾಣೆಗೆ ಕರೆಸಿ ಕೇಳಿದ್ದಕ್ಕೆ, ಯಾರ ಒತ್ತಾಯವೂ ಇಲ್ಲದೆ, ನಾನಾಗಿಯೇ ಹೇಳಿ ಬರೆಸುತ್ತಿರುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ನನ್ನ ಮಗಳೊಂದಿಗೆ ವಾಸವಾಗಿದ್ದು, ಬಂದರಿನ ಪಕ್ಕದ ಗೋದಾಮಿನಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡಿಕೊಂಡಿರುತ್ತೇನೆ. ಅಲ್ಲಿರುವ ಅಕ್ಕಿ ನಮ್ಮ ಸರ್ಕಾರ ಒಂದರದ್ದೇ ಅಲ್ಲ. ಸುತ್ತಲಿನ ದೇಶಗಳು ಒಪ್ಪಂದ ಮಾಡಿಕೊಂಡು, ಯಾರಿಗೆ ವಿಪತ್ತು ಬಂದರೂ ಹಡಗು ಬರುವವರೆಗೆ ಕಾಯುವಂತಾಗಬಾರದೆಂದು ಮೊದಲೇ ತಂದು ಇಟ್ಟಿರುವ ಅಕ್ಕಿ ಅದು. ಈಗ ಇದ್ದದ್ದು ವಿಯೆಟ್ನಾಂ ದೇಶದವರು ಕೊಟ್ಟದ್ದು, ಸುಮಾರು ಆರು ಸಾವಿರ ಮೂಟೆ. ಅದನ್ನು ಹೊರಗೆ ಕೊಡಬೇಕಾದರೆ ನಮ್ಮ ಇಲಾಖೆಯ ಪತ್ರವೂ ದೇಶಗಳ ಒಕ್ಕೂಟದ ಕಚೇರಿಯ ಒಪ್ಪಿಗೆಯೂ ಬೇಕು.

ನವೆಂಬರ್ 9ರಂದು ಒಕ್ಕೂಟದ ಕಚೇರಿಯಿಂದ ದಾಸ್ತಾನು ಪರೀಕ್ಷಿಸಲು ಲೇ ಥಿ ಕ್ವಿಯೆನ್ ಎಂಬ ಮಹಿಳಾ ಅಧಿಕಾರಿ ಬಂದರು. ವಿಯೆಟ್ನಾಂನವರು, ನನಗಿಂತ ಬಹಳ ಚಿಕ್ಕವರು. ನಮ್ಮಿಬ್ಬರಿಗೂ ಅರೆಬರೆ ಬರುವ ಇಂಗ್ಲಿಷಿನಲ್ಲೇ ಮಾತು. ಅವರು ಮೂಟೆಗಳಿಗೆ ಕೊಳವೆ ಚುಚ್ಚಿ ನೋಡಿ ಅಕ್ಕಿಗೆ ಹುಳ ಬಿದ್ದಿದೆ ಎಂದರು. ನಾನೂ ನೋಡಿದೆ, ಬಿದ್ದಿತ್ತು. ಆದ್ದರಿಂದ 11ನೇ ತಾರೀಕು ಮೂಟೆ ಪೇರಿಸಿದ ಎಲ್ಲ ಅಟ್ಟಿಗಳ ನಡುವೆ ವಿಷದ ಗುಳಿಗೆ ಇಟ್ಟು, ಮೇಲೆ ಟಾರ್ಪಾಲು ಹೊದಿಸಿ, ಅಂಚುಗಳಿಗೆ ಮರಳಿನ ಚೀಲ ಹೇರಿ, ಬಾಗಿಲುಗಳಿಗೆ ಬೀಗ ಹಾಕಿದೆವು. ಗುಳಿಗೆಗೆ ಗಾಳಿಯ ತೇವ ಸೋಕಿದರೆ ವಿಷದ ಅನಿಲ ಎದ್ದು, ಕೊನೆಗೆ ಬೂದಿ ಉಳಿಯುತ್ತದೆ. ಒಂದು ವಾರ ಮುಚ್ಚಿಟ್ಟು, ಆಮೇಲೆ ಗಾಳಿಗೆ ಬಿಟ್ಟರೆ ಹುಳ ಸಾಯುತ್ತದೆ, ಅಕ್ಕಿ ಕೆಡುವುದಿಲ್ಲ. ಚಂಡಮಾರುತ ಉತ್ತರಕ್ಕೆ ಹೋಗುತ್ತದೆಂದು ಆ ದಿನದ ಮುನ್ಸೂಚನೆ ಇತ್ತು.

ಅದು ಉತ್ತರಕ್ಕೆ ಹೋಗಲಿಲ್ಲ. 13ರಂದು ಕೊನೆಯ ದೋಣಿ ಹೊರಡುವಾಗ ನಾನು ಕ್ವಿಯೆನ್ ಅವರಿಗೆ ಹೊರಟುಬಿಡಿ ಎಂದು ಹೇಳಿದೆ. ಗುಳಿಗೆ ಹಾಕಿಸಿದ್ದು ತಾನು, ತೆಗೆಸಿಯೇ ಹೋಗುವುದು ಎಂದು ಅವರು ಉತ್ತರ ಕೊಟ್ಟರು. 14ರ ಬೆಳಿಗ್ಗೆ ಚಂಡಮಾರುತ ನಮ್ಮ ಪಟ್ಟಣದ ಮೇಲೆಯೇ ಹಾದುಹೋಯಿತು. ನಾನು, ನನ್ನ ಮಗಳು, ಕ್ವಿಯೆನ್ ಮತ್ತು ಮೂವರು ಹಮಾಲಿಗಳು ಗೋದಾಮಿನ ಹಿಂದಿನ ಕಾಂಕ್ರೀಟ್ ಕಚೇರಿಯಲ್ಲಿ ಮೇಜುಗಳ ಕೆಳಗೆ ಇದ್ದೆವು. ಮಧ್ಯಾಹ್ನ ಹೊರಗೆ ಬಂದು ನೋಡಿದಾಗ ನನ್ನ ಮನೆ ಇದ್ದ ಕಡೆ ಮೆಟ್ಟಿಲು ಮಾತ್ರ ಇತ್ತು. ಗೋದಾಮಿನ ಸಮುದ್ರದ ಕಡೆಯ ಚಾವಣಿ ತಗಡುಗಳು ಹಾರಿಹೋಗಿದ್ದವು. ಗುಡ್ಡದ ಕಡೆಯ ಅರ್ಧ ಹಾಗೆಯೇ ಇತ್ತು.

ಫೋನು ಇರಲಿಲ್ಲ, ವಿದ್ಯುತ್ ಇರಲಿಲ್ಲ. ಕರಾವಳಿ ಕಾವಲು ಪಡೆಯವರ ವೈರ್‌ಲೆಸ್ ಒಂದು ಕೆಲಸ ಮಾಡುತ್ತಿತ್ತು. ಕ್ವಿಯೆನ್ ಅದೇ ಸಂಜೆ ಅದರ ಮೂಲಕ ಒಕ್ಕೂಟದ ಕಚೇರಿಗೆ ಅಕ್ಕಿ ಬಿಡಲು ಒಪ್ಪಿಗೆ ಕೇಳಿದರು. ಇಲಾಖೆಯ ಪತ್ರ ಬಂದ ಕೂಡಲೇ ತಿಳಿಸುತ್ತೇವೆ ಎಂದು ಮರುದಿನ ಉತ್ತರ ಬಂತು. ಅಷ್ಟರಲ್ಲಿ, ನನ್ನ ಕಚೇರಿಯ ಪಕ್ಕದ ಕೋಣೆಯಲ್ಲಿ ಗುಳಿಗೆ ಹಾಕದ ಪುರಸಭೆಯ ಸ್ವಂತ ಅಕ್ಕಿ ತೊಂಬತ್ತು ಮೂಟೆ ಇದ್ದದ್ದನ್ನು ತೆಗೆದು, ಚರ್ಚಿನ ಶಾಲೆಯಲ್ಲಿ ಗಂಜಿ ಕಾಯಿಸಿ ಇಡೀ ಪಟ್ಟಣಕ್ಕೆ ಕೊಡಲು ಶುರುಮಾಡಿದೆವು. ಗಂಜಿ ತೀರ ತೆಳ್ಳಗಿತ್ತು. ತಮ್ಮೂರಲ್ಲಾದರೆ ಇಂಥದ್ದನ್ನು ಕುಡಿಯಲು ಅಲ್ಲ, ಬಟ್ಟೆಗೆ ಹಾಕಲು ಇಟ್ಟುಕೊಳ್ಳುತ್ತಾರೆ ಎಂದು ಕ್ವಿಯೆನ್ ಹೇಳಿದಾಗ ಸಾಲಿನಲ್ಲಿದ್ದವರು ನಕ್ಕರು.

ನದಿಯ ಆಚೆಯ ತಿನಾಗೊ ವಾರ್ಡಿಗೆ ಮಾತ್ರ ಗಂಜಿ ಸರಿಯಾಗಿ ತಲುಪಲಿಲ್ಲ. ಸೇತುವೆ ಕೊಚ್ಚಿಹೋಗಿತ್ತು, ಇದ್ದದ್ದು ಒಂದೇ ದೋಣಿ. ಆ ವಾರ್ಡಿನ ಚುನಾಯಿತ ಮುಖ್ಯಸ್ಥರು ಫೌಸ್ತೀನೊ ಅರ್ಸೆಗ. ಇವರು ನನ್ನ ಮಗಳ ಜ್ಞಾನಸ್ನಾನದಲ್ಲಿ ಧರ್ಮಪಿತರಾಗಿ ನಿಂತವರು. ಆ ನಂಟಿನಿಂದ ಅವರೂ ಅವರ ಹೆಂಡತಿ ಪುರೀಸಿಮಾ ಅವರೂ ನನ್ನನ್ನು ಮಾರೆ ಎಂದು ಕರೆಯುವುದು, ನಾನು ಅವರನ್ನು ಪಾರೆ ಎಂದು ಕರೆಯುವುದು ರೂಢಿ.

15ರ ಮಧ್ಯಾಹ್ನ ಈ ದಂಪತಿ ತಮ್ಮ ವಾರ್ಡಿನ ನಲವತ್ತು ಐವತ್ತು ಜನರೊಂದಿಗೆ, ಆ ದೋಣಿಯಲ್ಲೇ ಸರದಿಯಂತೆ ನದಿ ದಾಟಿ, ಗೋದಾಮಿನ ಮುಂದೆ ಬಂದರು. ದೊಡ್ಡ ಗೋದಾಮು ತೆರೆಯಬೇಕೆಂದು ಕೇಳಿದರು. ಪತ್ರದ ಮಾತು ನಾನು ಎತ್ತಲೇ ಇಲ್ಲ. ಒಳಗೆ ವಿಷದ ಗಾಳಿ ಇದೆ, ಹೋದವರು ಸಾಯುತ್ತಾರೆ, ಎರಡು ದಿನ ಗಾಳಿಯಾಡಿಸಿ ಕೊಡುತ್ತೇನೆ ಎಂದು ಹೇಳಿದೆ. ಫೌಸ್ತೀನೊ ಮೇಲೆ ಕೈ ತೋರಿಸಿದರು.

"ಮಾರೆ, ಆಕಾಶ ಕಾಣ್ತಿದೆ. ತಗಡೇ ಹಾರಿಹೋದ್ಮೇಲೆ ಯಾವ ವಿಷ ಒಳಗೆ ಕೂತಿರತ್ತೆ, ನೀವೇ ಹೇಳಿ."

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನೋಡಿದವರಿಗೆ ಹಾಗೆಯೇ ಅನಿಸುತ್ತಿತ್ತು. ಗುಡ್ಡದ ಕಡೆ ಚಾವಣಿ ಇನ್ನೂ ಇದೆ, ಟಾರ್ಪಾಲಿನ ಕೆಳಗೆ ಅನಿಲ ಹಿಡಿದುಕೊಂಡಿದೆ, ಮಳೆನೀರು ಇಳಿದು ಗುಳಿಗೆ ಒದ್ದೆಯಾಗಿದ್ದರಿಂದ ಮೊದಲಿಗಿಂತ ಹೆಚ್ಚು ಏಳುತ್ತಿದೆ ಎಂದು ನಾನು ವಿವರಿಸಿದೆ. ಕ್ವಿಯೆನ್ ತಮ್ಮ ಹತ್ತಿರವಿದ್ದ ಗಾಳಿ ಅಳೆಯುವ ಸಣ್ಣ ಯಂತ್ರವನ್ನು ಬಾಗಿಲ ಸಂದಿಗೆ ಹಿಡಿದರು. ಅದು ಒಂದೇ ಸಮನೆ ಕೂಗಿತು. ಯಂತ್ರ ನಿಮ್ಮದು, ನೀವು ಹೇಳಿದ ಹಾಗೆ ಕೂಗುತ್ತದೆ ಎಂದು ಗುಂಪಿನಲ್ಲಿ ಯಾರೋ ಅಂದರು. ಪುರೀಸಿಮಾ ನನ್ನ ಹತ್ತಿರಕ್ಕೆ ಬಂದರು. ಅವರ ಸೊಂಟದ ಮೇಲೆ ಮೊಮ್ಮಗಳಿದ್ದಳು.

"ಪರದೇಶದ ಅಕ್ಕಿ ಅಂತ ಸಂತರ ಮೂರ್ತಿ ಕಾದ ಹಾಗೆ ಕಾಯ್ತಿದ್ದೀರಲ್ಲ ಮಾರೆ. ಮೇಣದಬತ್ತಿ ಹಚ್ಚೋದೊಂದು ಬಾಕಿ," ಎಂದರು.

ಏನೆಂದರೆಂದು ಕ್ವಿಯೆನ್ ಕೇಳಿದರು, ನಾನು ತಿಳಿಸಿದೆ. ಅವರು ಪುರೀಸಿಮಾ ಕಡೆಗೇ ತಿರುಗಿ ಹೇಳಿದ್ದನ್ನು ನಾನು ನಮ್ಮ ಭಾಷೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ: "ಇದು ನಮ್ಮ ಕಡೆಯ ಅಕ್ಕಿ. ನಮ್ಮಪ್ಪನೂ ಇದನ್ನೇ ಬೆಳೀತಾರೆ. ಇದನ್ನ ಮುಟ್ಟಿ ನಿಮ್ಮಲ್ಲಿ ಒಬ್ಬರು ಸತ್ರು ಅಂತ ಮನೆಗೆ ಹೋಗಿ ಹೇಳೋಕೆ ನನಗಾಗಲ್ಲ."

ಗುಂಪು ಹೋಯಿತು. ಫೌಸ್ತೀನೊ ನನ್ನ ಮುಖ ನೋಡದೆ, ಬೈದುಕೊಂಡೇ ಹೋದರು. ಹೊತ್ತು ಮುಳುಗುವವರೆಗೆ ನಾನೂ ಕ್ವಿಯೆನ್ನೂ ಗ್ಯಾಸ್ ಮಾಸ್ಕ್ ಹಾಕಿಕೊಂಡು ಸಮುದ್ರದ ಕಡೆಯ ಟಾರ್ಪಾಲುಗಳ ಅಂಚು ಎತ್ತಿದೆವು. ನಮ್ಮಲ್ಲಿದ್ದದ್ದು ಎರಡೇ ಮಾಸ್ಕ್, ಆದ್ದರಿಂದ ಹಮಾಲಿಗಳನ್ನು ಒಳಗೆ ಬಿಡಲಿಲ್ಲ. ಟಾರ್ಪಾಲು ನೀರು ಕುಡಿದು ಭಾರವಾಗಿತ್ತು. ಇಬ್ಬರು ಹೆಂಗಸರಿಂದ ಎಷ್ಟಾಗುತ್ತದೋ ಅಷ್ಟಾಯಿತು.

16ರ ಬೆಳಿಗ್ಗೆ ಬೆಳಕು ಹರಿದ ಸ್ವಲ್ಪ ಹೊತ್ತಿಗೆ ಗುಡ್ಡದ ಕಡೆಯಿಂದ ಕೂಗಾಟ ಕೇಳಿಸಿತು. ನಾನು ಓಡಿ ಹೋಗಿ ನೋಡಿದಾಗ ಹಿಂಬಾಗಿಲಿನ ಬೀಗ ಒಡೆದಿತ್ತು. ತಿನಾಗೊ ವಾರ್ಡಿನ ನಾಲ್ವರು ಗಂಡಸರು ಹೊರಗೆ ನಿಂತಿದ್ದರು. ಫೌಸ್ತೀನೊ ಒಬ್ಬರೇ ಒಳಗೆ ಹೋಗಿದ್ದಾರೆ, ಕರೆದರೆ ಮಾತಿಲ್ಲ ಎಂದರು. ಒಳಗೆ ಹೋಗುವ ಮುನ್ನ ಅವರು ಏನು ಹೇಳಿದರೆಂದು ಆ ನಾಲ್ವರೂ ಆಮೇಲೆ ನನಗೆ ಒಂದೇ ರೀತಿ ಹೇಳಿದ್ದಾರೆ. "ಆಕೆ ಹೇಳಿದ್ದು ನಿಜ ಇದ್ರೂ ಇರಬಹುದು. ನೀವು ಇಲ್ಲೇ ನಿಲ್ಲಿ, ಮೊದಲು ನಾನು ನೋಡ್ತೀನಿ" ಎಂದರಂತೆ. ಇದನ್ನು ದಯವಿಟ್ಟು ಹಾಗೆಯೇ ಬರೆದುಕೊಳ್ಳಬೇಕು.

ನಾನು ಮಾಸ್ಕ್ ಹಾಕಿ ಒಳಗೆ ಹೋದೆ. ನನ್ನ ಹಿಂದೆ ಕ್ವಿಯೆನ್ ಬಂದರು. ಫೌಸ್ತೀನೊ ಎರಡನೇ ಅಟ್ಟಿಯ ಬುಡದಲ್ಲಿ ಬೋರಲು ಬಿದ್ದಿದ್ದರು. ಟಾರ್ಪಾಲಿನ ಅಂಚು ಅವರ ಬಲಗೈಯಲ್ಲಿ ಹಾಗೆಯೇ ಇತ್ತು, ಬೆರಳು ಬಿಡಿಸಬೇಕಾಯಿತು. ಅವರು ದೊಡ್ಡ ಆಳು. ನಾನು ಕಂಕುಳಿಗೆ ಕೈ ಹಾಕಿ ಎಳೆದರೆ ಅಲುಗಲಿಲ್ಲ. ಕ್ವಿಯೆನ್ ಖಾಲಿ ಚೀಲಗಳನ್ನು ಅವರ ಕೆಳಗೆ ತೂರಿಸಿದರು, ಒದ್ದೆ ನೆಲದ ಮೇಲೆ ಚೀಲ ಜಾರಿತು, ಹಾಗೆ ಎಳೆದು ಬಾಗಿಲು ದಾಟಿಸಿದೆವು. ನನ್ನ ಮಗಳನ್ನು ಜ್ಞಾನಸ್ನಾನದ ದಿನ ಎತ್ತಿ ಹಿಡಿದಿದ್ದ ಕೈ ನೆಲದ ಮೇಲೆ ಎಳೆದುಕೊಂಡು ಬರುತ್ತಿದ್ದದ್ದು ನನಗೆ ನೆನಪಿದೆ.

ಹೊರಗೆ ಹಾಕಿದಾಗ ಮೈ ತಣ್ಣಗಿತ್ತು. ಉಸಿರು ಇದೆಯೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ಪುರೀಸಿಮಾ ಬಂದು, ಗಂಡನ ಬಾಯಿಗೆ ಬಾಯಿಟ್ಟು ಗಾಳಿ ಊದಲು ಬಗ್ಗಿದರು. ಕ್ವಿಯೆನ್ ಹಿಂದಿನಿಂದ ಪುರೀಸಿಮಾರನ್ನು ಬಿಗಿಯಾಗಿ ಹಿಡಿದರು. ಒಳಗಿನ ವಿಷ ಬಾಯಿಂದ ಬರುತ್ತದೆ, ಊದಿದವರಿಗೂ ಅದೇ ಗತಿ. ಇದನ್ನು ಹೇಳಿ ಮುಗಿಸುವಷ್ಟು ಸಮಯ ಇರಲಿಲ್ಲ. ಪುರೀಸಿಮಾ ತಿರುಗಿ ಕ್ವಿಯೆನ್ ಕೈ ಕಚ್ಚಿದರು. ಕ್ವಿಯೆನ್ ಬಿಡಲಿಲ್ಲ. ನಾನು ಫೌಸ್ತೀನೊ ಅವರನ್ನು ಮಗ್ಗುಲಿಗೆ ಹೊರಳಿಸಿ, ಅಂಗಿ ಹರಿದು ತೆಗೆದು ಮೈ ಒರೆಸಿ, ಗಾಳಿ ಬರುವ ಕಡೆಗೆ ಮುಖ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡರು. ಆಮೇಲೆ ಕೆಮ್ಮಿದರು. ಅಷ್ಟು ಕೆಟ್ಟ ಕೆಮ್ಮು ಕೇಳಿ ಆದಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಕಾವಲು ಪಡೆಯವರ ದೋಣಿಯಲ್ಲಿ ಅವರನ್ನು ಪ್ರಾಂತ್ಯದ ಆಸ್ಪತ್ರೆಗೆ ಕಳಿಸಿದೆವು. ದೋಣಿಯಲ್ಲಿ ಹೆಚ್ಚು ಜಾಗ ಇರಲಿಲ್ಲ, ಅವರ ಮಗ ಹೋದರು. ಪುರೀಸಿಮಾ ದಡದಲ್ಲೇ ಉಳಿದರು.

ಆಗ ಗೋದಾಮಿನ ಹಿಂದೆ ಮುನ್ನೂರು ಜನ ಸೇರಿದ್ದಿರಬಹುದು. ನಾನು ಮಾಸ್ಕ್ ತೆಗೆದು, ಅಟ್ಟಿಗಳ ಮೇಲಿನ ಟಾರ್ಪಾಲು ಒಂದೇ ಸಲ ಕಿತ್ತರೆ ನಾಳೆಗೆ ಅಕ್ಕಿ ಸಿಗುತ್ತದೆ, ಅದಕ್ಕೆ ಹಗ್ಗ ಬೇಕು ಎಂದು ಹೇಳಿದೆ.

"ಒಳಗೆ ಒಬ್ಬರೂ ಕಾಲಿಡಬಾರದು. ನಾವಿಬ್ಬರು ಕಟ್ಟಿ ಬರ್ತೀವಿ. ನೀವು ದೂರ ನಿಂತು, ಗಾಳಿ ಬೆನ್ನಿಗೆ ಬರೋ ಹಾಗೆ ಎಳೀರಿ. ನಾನು ಹೇಳಿದಾಗ, ಎಲ್ಲರೂ ಒಟ್ಟಿಗೆ."

ನಮ್ಮ ದ್ವೀಪದಲ್ಲಿ ಅಬಾಕಾ ನಾರಿನ ಹಗ್ಗಕ್ಕೆ ಬರವಿಲ್ಲ. ಅವಶೇಷಗಳ ಕೆಳಗಿನಿಂದ ಎಳೆದು ತಂದರು. ನಾನೂ ಕ್ವಿಯೆನ್ನೂ ಒಂದೊಂದು ಅಟ್ಟಿಗೂ ಹೋಗಿ ಟಾರ್ಪಾಲಿನ ಮೂಲೆಗೆ ಹಗ್ಗ ಬಿಗಿದು ಹೊರಬಂದು ಕೈ ಎತ್ತಿದರೆ ಅವರು ಎಳೆಯುತ್ತಿದ್ದರು. ಟಾರ್ಪಾಲು ದಡಬಡ ಸದ್ದು ಮಾಡಿಕೊಂಡು ಹೊರಬಂದಾಗ ಎಲ್ಲರೂ ಹಿಂದಕ್ಕೆ ಓಡಿ, ಮತ್ತೆ ಬಂದು ಮುಂದಿನ ಹಗ್ಗ ಹಿಡಿಯುತ್ತಿದ್ದರು. ಬೀಗ ಒಡೆದ ನಾಲ್ವರು ಎಲ್ಲರಿಗಿಂತ ಮುಂದೆ ಇದ್ದರು. ಗುಡ್ಡದ ಕಡೆಯ ಗೋಡೆ ತಗಡುಗಳನ್ನೂ ನನ್ನ ಅಪ್ಪಣೆಯ ಮೇಲೆಯೇ ಹೊರಗಿನಿಂದ ಕಿತ್ತು ಹಾಕಿದ್ದು. ಸರ್ಕಾರಿ ಆಸ್ತಿಗೆ ಹಾನಿ ಎಂದು ಬರೆಯುವುದಾದರೆ ನನ್ನ ಹೆಸರು ಬರೆಯಬೇಕು.

17ರ ಮಧ್ಯಾಹ್ನ ಕ್ವಿಯೆನ್ ಗೋದಾಮಿನ ಮೂಲೆ ಮೂಲೆಗೂ, ಅಟ್ಟಿಗಳ ಸಂದಿಗೂ ಯಂತ್ರ ಹಿಡಿದು ನೋಡಿದರು. ಎಲ್ಲಿಯೂ ಕೂಗಲಿಲ್ಲ. ಮಳೆಯಲ್ಲಿ ನೆನೆದ, ಗುಳಿಗೆಯ ಬೂದಿ ಬಿದ್ದ ಮೂಟೆಗಳನ್ನು ಬೇರೆ ಮಾಡಿ ಗುಂಡಿ ತೋಡಿ ಹೂಳಿಸಿದೆವು. ಒಕ್ಕೂಟದ ಒಪ್ಪಿಗೆ ಆ ಹೊತ್ತಿಗೂ ಬಂದಿರಲಿಲ್ಲ. ಕ್ವಿಯೆನ್ ವೈರ್‌ಲೆಸ್ ಹತ್ತಿರ ಹೋಗಿ, ಕೇಳುವುದು ಬಿಟ್ಟು, ತೆರೆಯುತ್ತಿದ್ದೇವೆ ಎಂದು ತಿಳಿಸಿ ಬಂದರು. ಇಬ್ಬರೂ ಸಹಿ ಹಾಕಿ ಬಾಗಿಲು ತೆರೆದೆವು.

ಜನ ಸಾಲಾಗಿ ನಿಂತರು, ಆದರೆ ಮೂಟೆ ಮುಟ್ಟಲು ಹೆದರಿದರು. ಮೊದಲ ಪಾತ್ರೆ ಅನ್ನ ಎಲ್ಲರೆದುರು ಕ್ವಿಯೆನ್ನೇ ಬೇಯಿಸಿ ತಿಂದರು, ನಾನೂ ತಿಂದೆ. ಆದರೂ ಯಾರೂ ಮುಂದೆ ಬರಲಿಲ್ಲ. ಆಗ ಪುರೀಸಿಮಾ ಸಾಲಿನಿಂದ ಬಂದು ಕ್ವಿಯೆನ್ ಕೈಯಿಂದ ಚಮಚ ಕಿತ್ತುಕೊಂಡರು. ಕ್ವಿಯೆನ್ ಅವರ ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು ಇನ್ನೂ ಇತ್ತು.

"ಕೊಡಿ ಇಲ್ಲಿ. ನನ್ನ ಗಂಡ ವಾಸನೆ ನೋಡಿದ್ದಾಯ್ತು, ನಾನು ರುಚಿ ನೋಡ್ತೀನಿ."

ತಿಂದು, ಉಪ್ಪಿಲ್ಲ ಎಂದರು. ಸಾಲು ಮುಂದೆ ಸರಿಯಿತು. ತಿನಾಗೊ ವಾರ್ಡಿನಿಂದ ಶುರುಮಾಡಿ, ಆ ದಿನ ಮತ್ತು ಮರುದಿನ ಇಡೀ ಪಟ್ಟಣಕ್ಕೂ, ಆಮೇಲೆ ದೋಣಿಗಳಲ್ಲಿ ಅಕ್ಕಪಕ್ಕದ ಮೂರು ಪಟ್ಟಣಗಳಿಗೂ ಅಕ್ಕಿ ಹೋಯಿತು. ಒಪ್ಪಿಗೆ 19ರಂದು ಬಂತು. ಅಕ್ಕಿ ತಿಂದು ಕಾಯಿಲೆ ಬಿದ್ದವರು ಯಾರೂ ಇಲ್ಲ.

ನಿನ್ನೆ ಆಸ್ಪತ್ರೆಗೆ ಹೋಗಿ ಫೌಸ್ತೀನೊ ಅವರನ್ನು ನೋಡಿ ಬಂದೆ. ಎದ್ದು ಕೂತಿದ್ದಾರೆ. ದನಿ ಇನ್ನೂ ಸರಿಯಾಗಿಲ್ಲ. ನನ್ನನ್ನು ಹತ್ತಿರ ಕರೆದು ಹೇಳಿದರು:

"ಬಾಗಿಲು ತೆಗೀಲಿಲ್ಲ ಅಂತ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದೆ ಮಾರೆ. ತೆಗೆದಿದ್ರೆ ಬೈಯೋಕೆ ಊರಲ್ಲಿ ಯಾರಿರ್ತಿದ್ರು?"

ಊರಿನವರನ್ನು ನಿಲ್ಲಿಸಿ ತಾವೊಬ್ಬರೇ ಹೋದದ್ದೇಕೆ ಎಂದು ಕೇಳಿದೆ. ಮುಖ್ಯಸ್ಥ ಅಂತ ಆರಿಸಿದ್ದು ಇನ್ನೇತಕ್ಕೆ ಎಂದರು.

ಹಸಿದವರಿಗೆ ಬಾಗಿಲು ತೆರೆಯಲಿಲ್ಲ ಎಂದು ಒಂದು ಅರ್ಜಿ, ಒಪ್ಪಿಗೆ ಬರುವ ಮುನ್ನ ತೆರೆದೆ ಎಂದು ಇನ್ನೊಂದು ಅರ್ಜಿ ನನ್ನ ಮೇಲೆ ಬಂದಿದೆ ಎಂದು ಅಧಿಕಾರಿಗಳು ಈಗ ತಿಳಿಸಿರುತ್ತಾರೆ. ಎರಡೂ ನಿಜ. ಒಳಗೆ ವಿಷ ಇದ್ದಷ್ಟು ದಿನ ನಾನು ತೆರೆಯಲಿಲ್ಲ, ವಿಷ ಹೋದ ಮೇಲೆ ಕಾಯಲಿಲ್ಲ. ನಾಳೆ ಇದೇ ಪರಿಸ್ಥಿತಿ ಬಂದರೂ ಇದನ್ನೇ ಮಾಡುತ್ತೇನೆ. ಫೌಸ್ತೀನೊ ಮತ್ತು ಆ ನಾಲ್ವರ ಮೇಲೆ ಲೂಟಿಯ ದೂರು ಕೊಡುತ್ತೀರಾ ಎಂದು ಕೇಳಿದ್ದಕ್ಕೆ, ಕೊಡುವುದಿಲ್ಲ. ಬೀಗ ಒಡೆದದ್ದು ಹೌದು, ಒಂದು ಹಿಡಿ ಅಕ್ಕಿಯೂ ಹೋಗಿಲ್ಲ. ಲೂಟಿ ಎಂಬ ಮಾತು ಕಾಗದದಲ್ಲಿ ಬಂದರೆ ನೆರೆಯ ದೇಶದವರು ಮುಂದಿನ ಸಲ ಅಕ್ಕಿಯನ್ನು ಇಂಥ ದಡದಲ್ಲಿ ಇಡುವುದಿಲ್ಲ, ಎಲ್ಲೋ ದೂರದ ರಾಜಧಾನಿಯಲ್ಲಿ ಭದ್ರವಾಗಿ ಇಡುತ್ತಾರೆ. ಭದ್ರವಾಗಿಯೇ ಇರುತ್ತದೆ, ನಾವು ಇರುವುದಿಲ್ಲ.

ಖಾಲಿಯಾದ ಗೋದಾಮು ತುಂಬಿಸಲು ಥಾಯ್ಲೆಂಡಿನಿಂದ ಹೊರಟ ಹಡಗು ಇಂದು ಸಂಜೆ ಬಂದರಿಗೆ ಬರುತ್ತಿದೆ. ಚಾವಣಿ ಹೊದಿಸುವ ಕೆಲಸ ತಿನಾಗೊದವರೇ ಮಾಡುತ್ತಿದ್ದಾರೆ, ಪುರೀಸಿಮಾ ಮೇಸ್ತ್ರಿಗಳನ್ನೂ ಬಿಡದೆ ಬೈದು ಮಾಡಿಸುತ್ತಿದ್ದಾರೆ. ಕ್ವಿಯೆನ್ ನನಗಾಗಿ ಕಟ್ಟೆಯ ಮೇಲೆ ಕಾಯುತ್ತಿದ್ದಾರೆ. ಬೇರೆ ಪ್ರಶ್ನೆ ಇಲ್ಲದಿದ್ದರೆ ನಾನು ಹೋಗಬೇಕು.

ಇಷ್ಟೂ ನಾನು ಕಂಡದ್ದು, ಮಾಡಿದ್ದು. ಬರೆದದ್ದನ್ನು ನನಗೆ ಓದಿ ಹೇಳಿರುತ್ತಾರೆ. ನನ್ನ ಮಾತಿಗೆ ಕೂಡಿಸಿಯೂ ಇಲ್ಲ, ಕಳೆದೂ ಇಲ್ಲ ಎಂದು ಒಪ್ಪಿ ರುಜು ಮಾಡಿರುತ್ತೇನೆ.

ಸ್ಥಳ: ಸಾನ್ ಇರೇನೆಯೊ ಪೊಲೀಸ್ ಠಾಣೆ
ದಿನಾಂಕ: 24 ನವೆಂಬರ್
(ಸಹಿ) ಸಾಲ್ವಾಸಿಯೋನ್ ತಬಿರಾರಾ